ಸಾಯುವ ಮುಂಚೆ ತೀರಿಹೋದವರು ಕಾಣಿಸಿದರೆ ಅದು ಕ್ರೈಸ್ತ ವಿಶ್ವಾಸಕ್ಕೆ ವಿರುದ್ಧವಾ?

ನೀವು ಕೇಳಿರುವುದು ಇಷ್ಟು: ಮಂಡ್ಯದ ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಾರೆ, ಡಾಕ್ಟರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂದಿದ್ದಾರೆ. ಈಚೆಗೆ ಅಜ್ಜಿ, ಎಂದೋ ತೀರಿಹೋದ ನಿಮ್ಮ ತಾತ ಬಂದು ಮಂಚದ ಪಕ್ಕ ಕೂತಿದ್ದಾರೆ ಅನ್ನುತ್ತಾರೆ. ಚಿಕ್ಕಪ್ಪ ಅದು ಸೈತಾನನ ಆಟ, ಗದರಿಸಿ ಸುಮ್ಮನಿರಿಸಿ ಅನ್ನುತ್ತಾರೆ. ಏನು ಮಾಡಲಿ?

ಗದರಿಸಬೇಡಿ. ಉಳಿದದ್ದೆಲ್ಲ ಆಮೇಲೆ.

ನಾನು ಮೈಸೂರಿನವಳು, ಕಥೋಲಿಕ ಮನೆಯವಳು. ಚರ್ಚಿನ ಒಂದಷ್ಟು ಜನರ ಜೊತೆ ಕಾಯಿಲೆಯವರ ಮನೆಗೆ ಹೋಗಿ ಜಪಸರ ಹೇಳಿ ಬರುವುದು ತುಂಬ ವರ್ಷದ ರೂಢಿ. ನೀವು ಹೇಳಿದಂಥದ್ದು ಆ ಮನೆಗಳಲ್ಲಿ ಅಪರೂಪವಲ್ಲ. ನಮ್ಮಮ್ಮನಿಗೂ ಹಾಗೇ ಆಯಿತು. ಹೋಗುವ ಹಿಂದಿನ ವಾರ, "ಅಕ್ಕ ಬಾಗಿಲಲ್ಲೇ ನಿಂತವಳೆ ಕಣೇ, ಒಳಗೆ ಕರೆದು ಚಾಪೆ ಹಾಕು" ಅಂದರು. ದೊಡ್ಡಮ್ಮ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ನಾನು ಚಾಪೆ ಹಾಸಿದೆ. ಅಮ್ಮ ಆ ಕಡೆ ನೋಡಿ ತಲೆಯಾಡಿಸಿ, ನನ್ನ ಕಡೆ ತಿರುಗಿ, "ಹಾಲಿನವನಿಗೆ ಈ ತಿಂಗಳ ದುಡ್ಡು ಕೊಟ್ಟೆಯಾ?" ಅಂತ ಕೇಳಿದರು. ನಾನು ಯಾರು, ಯಾರಿಗೆ ಎಷ್ಟು ಬಾಕಿ, ಎಲ್ಲ ನೆನಪಿತ್ತು. ಅದರ ಜೊತೆಗೇ ಅಕ್ಕನೂ ಇದ್ದಳು.

ಈಗ ಚಿಕ್ಕಪ್ಪನ ಮಾತು. ಅವರ ಮನಸ್ಸಿನಲ್ಲಿರುವುದು ಬಹುಶಃ ಬೈಬಲಿನ ಧರ್ಮೋಪದೇಶಕಾಂಡದ 18ನೇ ಅಧ್ಯಾಯ. ಸತ್ತವರನ್ನು ವಿಚಾರಿಸುವವರು ನಿಮ್ಮಲ್ಲಿ ಇರಬಾರದು ಅಂತ ಅಲ್ಲಿ ಖಂಡಿತ ಇದೆ. ಸೌಲ ಅರಸ ಮಂತ್ರವಾದಿನಿಯ ಹತ್ತಿರ ಹೋಗಿ, ತೀರಿಹೋಗಿದ್ದ ಪ್ರವಾದಿ ಸಮುವೇಲನನ್ನು ಎಬ್ಬಿಸಿದ್ದೂ ಪಾಪವೇ. ಆದರೆ ಬೈಬಲ್ ಬೇಡ ಅನ್ನುವುದು ಕರೆಸುವುದನ್ನು, ಕರೆಸಿ ಕಣಿ ಕೇಳುವುದನ್ನು. ನಿಮ್ಮಜ್ಜಿ ಯಾರನ್ನೂ ಕರೆಸಿಲ್ಲ. ಮಲಗಿದ್ದಾರೆ, ಕಾಣುತ್ತಿದೆ, ಹೇಳುತ್ತಿದ್ದಾರೆ. ಇವೆರಡನ್ನೂ ಒಂದೇ ಮಾಡುವುದು ಅನ್ಯಾಯ. ಯೇಸುವಿಗಾಗಿ ಪ್ರಾಣ ಕೊಟ್ಟ ಸ್ತೇಫನ ಕಲ್ಲೇಟು ತಿಂದು ಸಾಯುವ ಮುಂಚೆ ಪರಲೋಕ ತೆರೆದದ್ದನ್ನು, ದೇವರ ಬಲಗಡೆ ಯೇಸು ನಿಂತಿರುವುದನ್ನು ಕಂಡೆ ಅಂದ. ಬೆಟ್ಟದ ಮೇಲೆ ಯೇಸುವಿನ ಜೊತೆ ಹಿಂದಿನ ಕಾಲದ ಪ್ರವಾದಿಗಳಾದ ಮೋಶೆ, ಎಲೀಯ ಮಾತಾಡುತ್ತಿದ್ದುದನ್ನು ಶಿಷ್ಯರಾದ ಪೇತ್ರ, ಯಕೋಬ, ಯೊವಾನ್ನ ನೋಡಿದರು.

ಆದರೂ, ನೆಂಟರು ಬಂದು ಕರೆದುಕೊಂಡು ಹೋಗುತ್ತಾರೆ ಅಂತ ಬೈಬಲ್ ಎಲ್ಲೂ ಹೇಳುವುದಿಲ್ಲ. ಲೂಕನ 16ನೇ ಅಧ್ಯಾಯದಲ್ಲಿ ಬಡ ಲಾಜರನನ್ನು ಕೊಂಡೊಯ್ದವರು ದೇವದೂತರು. ಧರ್ಮಸಭೆ ಕೂಡ ಇಂಥ ದರ್ಶನವನ್ನು ವಿಶ್ವಾಸದ ಸತ್ಯ ಅಂತ ನಂಬಲೇಬೇಕು ಅನ್ನುವುದಿಲ್ಲ. ನಂಬಬೇಕಾದದ್ದು ಬೇರೆ: ದೇವರಲ್ಲಿ ಸತ್ತವರು ನಮ್ಮಿಂದ ಕಡಿದು ಹೋಗಿಲ್ಲ ಅನ್ನುವುದು. ವಿಶ್ವಾಸಪ್ರಮಾಣದ ಪ್ರಾರ್ಥನೆಯಲ್ಲಿ ಪರಿಶುದ್ಧರ ಅನ್ಯೋನ್ಯತೆಯನ್ನು, ಅಂದರೆ ಬದುಕಿರುವ ಮತ್ತು ತೀರಿಹೋದ ವಿಶ್ವಾಸಿಗಳ ಒಂದೇ ಬಳಗವನ್ನು, ನಂಬುತ್ತೇನೆ ಅಂತ ಹೇಳುತ್ತೇವೆ. ನವೆಂಬರ್ 2ಕ್ಕೆ, ಸತ್ತವರನ್ನು ನೆನೆಯುವ ದಿನ, ಸಮಾಧಿ ತೊಳೆದು, ಸೇವಂತಿಗೆ ಹಾಕಿ, ಮೇಣದಬತ್ತಿ ಹಚ್ಚಿ ಪ್ರಾರ್ಥಿಸುವುದೂ ಆ ನಂಬಿಕೆಯಿಂದಲೇ ಅಲ್ವಾ? ಹಾಗಿರುವಾಗ ಅಜ್ಜಿಗೆ ತಾತ ಕಂಡರೆ ನನಗೆ ಭಯವಾಗುವುದಿಲ್ಲ.

ಇದನ್ನು ಓದಿ ತಿಳಿಯಲು ಪ್ರಯತ್ನಪಟ್ಟವರೂ ಇದ್ದಾರೆ. ವಿಲಿಯಂ ಬ್ಯಾರೆಟ್ ಅನ್ನುವ ಭೌತವಿಜ್ಞಾನಿ ಇಂಥ ಘಟನೆಗಳನ್ನು ಕೂಡಿಸಿದ ಪುಸ್ತಕ 1926ರಲ್ಲಿ ಬಂತು. ಕಾರ್ಲಿಸ್ ಓಸಿಸ್, ಎರ್ಲೆಂಡರ್ ಹರಾಲ್ಡ್‌ಸನ್ ಇಬ್ಬರೂ ಅಮೆರಿಕ ಮತ್ತು ಭಾರತದ ಡಾಕ್ಟರು, ನರ್ಸುಗಳನ್ನು ಕೇಳಿ 1977ರಲ್ಲಿ ಬರೆದರು. ಅಮೆರಿಕದಲ್ಲಿ ತೀರಿಹೋದ ನೆಂಟರು ಜಾಸ್ತಿ ಕಂಡರೆ, ನಮ್ಮಲ್ಲಿ ದೇವರು, ಯಮದೂತರು ಜಾಸ್ತಿ. ಅಮೆರಿಕದ ಬಫಲೋ ಊರಿನಲ್ಲಿ, ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪೈಸ್‌ನಲ್ಲಿ ಕ್ರಿಸ್ಟೋಫರ್ ಕೆರ್ ಅನ್ನುವ ಡಾಕ್ಟರ್ ಮತ್ತು ಅವರ ತಂಡ 59 ರೋಗಿಗಳನ್ನೇ ಮಾತಾಡಿಸಿ 2014ರಲ್ಲಿ ಪ್ರಕಟಿಸಿದರು. ಹೆಚ್ಚಿನವರಿಗೆ ಇಂಥ ಕನಸೋ ದರ್ಶನವೋ ಆಗಿತ್ತು, ಸಾವು ಹತ್ತಿರವಾದಂತೆ ಜಾಸ್ತಿಯಾಯಿತು, ತೀರಿಹೋದವರು ಕಂಡಾಗಲೇ ಹೆಚ್ಚು ಸಮಾಧಾನ ಸಿಕ್ಕಿತು. ಇದರಿಂದ ಪರಲೋಕ ಸಾಬೀತಾಗುವುದಿಲ್ಲ. ಪಕ್ಕದ ಮನೆಯ ಹಿಂದೂ ಅಜ್ಜಿಗೂ ಹೀಗೇ ಆಗುತ್ತದೆ, ಆದ್ದರಿಂದ ನಮ್ಮ ಧರ್ಮವೇ ನಿಜ ಅನ್ನುವುದಕ್ಕೆ ಇದನ್ನು ಸಾಕ್ಷಿ ಮಾಡಿಕೊಳ್ಳಲೂ ಬಾರದು. ನನ್ನ ವಿಶ್ವಾಸ ನಿಂತಿರುವುದು ಯೇಸುವಿನ ಪುನರುತ್ಥಾನದ ಮೇಲೆ, ಅಮ್ಮ ಕಂಡದ್ದರ ಮೇಲಲ್ಲ.

ಒಂದು ವಿಷಯ ಮಾತ್ರ ಗಮನಿಸಿ. ಅಜ್ಜಿ ಶಾಂತವಾಗಿದ್ದು, ನಿಮ್ಮನ್ನೆಲ್ಲ ಗುರುತು ಹಿಡಿಯುತ್ತಿದ್ದರೆ ಸರಿ. ಹೆದರಿ ಕಿರುಚುವುದು, ಹೊದಿಕೆ ಕಿತ್ತೆಸೆಯುವುದು, ಮನೆಯವರೇ ಗೊತ್ತಾಗದಿರುವುದು, ರಾತ್ರಿಯಾದರೆ ಜಾಸ್ತಿಯಾಗುವುದು ಇದ್ದರೆ ಡಾಕ್ಟರಿಗೆ ಹೇಳಿ. ಯೂರಿನ್ ಇನ್ಫೆಕ್ಷನ್, ಸೋಡಿಯಂ ಕಡಿಮೆಯಾಗುವುದು, ನೋವಿನ ಮಾತ್ರೆಯ ಡೋಸು, ಇವುಗಳಿಂದಲೂ ಇಲ್ಲದ್ದು ಕಾಣುತ್ತದೆ. ಅದಕ್ಕೆ ಎಷ್ಟೋ ಸಲ ಔಷಧಿ ಇದೆ.

ತಾತ ಬಂದಿದ್ದಾರೆ ಅಂದಾಗ "ಹೌದಾ ಅಜ್ಜಿ, ಅವರನ್ನು ನೋಡಿ ಹೆಂಗನ್ನಿಸ್ತು?" ಅಂತ ಕೇಳಿ. ನಿಮಗೆ ಕಾಣದ್ದನ್ನು ಕಂಡೆ ಅನ್ನುವುದೂ ಬೇಡ, ಇಲ್ಲ ಅಂತ ವಾದವೂ ಬೇಡ. ಆದರೆ ಅಜ್ಜಿಯ ಮೂಲಕ ತಾತನನ್ನು ಏನೂ ವಿಚಾರಿಸಬೇಡಿ. ಜಮೀನಿನ ಪತ್ರ ಎಲ್ಲಿಟ್ಟಿದ್ದರು ಕೇಳು ಅಂತ ಸಾಯುವವರನ್ನು ಕಾಡುವವರಿದ್ದಾರೆ. ಚಿಕ್ಕಪ್ಪ ಹೆದರುವ ಆ ವಚನ ನಿಜವಾಗಿ ತಡೆಯುವುದು ಅದನ್ನೇ.

ಚಿಕ್ಕಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಪ್ರಾರ್ಥನೆ ಮಾಡಿ, ಆ ಹೊತ್ತಿನಲ್ಲಿ ಅಜ್ಜಿಯ ಮುಖ ಅವರೇ ನೋಡಲಿ. ಫಲದಿಂದ ಮರವನ್ನು ತಿಳಿಯಿರಿ ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ. ಸೈತಾನ ಯಾರನ್ನೂ ಪ್ರಾರ್ಥನೆಗೆ, ಸಮಾಧಾನಕ್ಕೆ ಎಳೆದು ತರುವುದಿಲ್ಲ.

ಮತ್ತೆ, ನೀವು ಕಥೋಲಿಕರಾದರೆ ಫಾದರ್‌ಗೆ ಇವತ್ತೇ ಫೋನ್ ಮಾಡಿ. ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ ಕೊಡಲಿ. ಯಕೋಬನ ಪತ್ರದ 5ನೇ ಅಧ್ಯಾಯದಲ್ಲೇ ಅದು ಇದೆ. ಉಸಿರು ಎಳೆಯುವ ಹೊತ್ತಿಗೆ ಕರೆಯೋಣ ಅಂತ ತುಂಬ ಮನೆಗಳಲ್ಲಿ ತಡ ಮಾಡುತ್ತಾರೆ. ಅಷ್ಟು ಹೊತ್ತು ಕಾಯಬೇಡಿ. ಅಜ್ಜಿಗೆ ಇನ್ನೂ ನುಂಗಲು ಆಗುವಾಗಲೇ ಪರಮಪ್ರಸಾದ ಸಿಗಲಿ.