ವಾಹನ ಪ್ರಶ್ನೋತ್ತರ: ಬಂದು ಹೋಗುವ ಗೇರ್ ತೊಂದರೆ

ಪ್ರಶ್ನೆ: ನಮ್ಮಲ್ಲಿ 2011ರ ನಾಲ್ಕು ಗೇರಿನ ಆಟೋಮ್ಯಾಟಿಕ್ ಪೆಟ್ರೋಲ್ ಕಾರಿದ್ದು, ಈವರೆಗೆ 92,000 ಕಿ.ಮೀ. ಓಡಿದೆ. ಹಾಸನದ ಕಡೆ ಹೋಗುವಾಗ ಶಿರಾಡಿ ಘಾಟಿಯಲ್ಲಿ ಕೆಲವೊಮ್ಮೆ ಒಂದು ಜರ್ಕ್ ಹೊಡೆದು, ಆಮೇಲೆ ಗೇರ್ ಬದಲಾಗುವುದೇ ಇಲ್ಲ. ನಿಂತಲ್ಲಿಂದ ಹೊರಡಲು ಕಾರು ತಿಣುಕಾಡುತ್ತದೆ. ಸಕಲೇಶಪುರದಲ್ಲಿ ನಿಲ್ಲಿಸಿ, ಚಹಾ ಕುಡಿದು ಬಂದು ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಅನಂತರ ವಾರಗಟ್ಟಲೆ ತೊಂದರೆ ಇರುವುದಿಲ್ಲ. ಗ್ಯಾರೇಜಿಗೆ ಒಯ್ದ ದಿನವಂತೂ ಖಂಡಿತ ಇರುವುದಿಲ್ಲ. ಒಬ್ಬ ಮೆಕ್ಯಾನಿಕ್ ಬ್ಯಾಟರಿಯ ತಂತಿ ಬಿಚ್ಚಿ ಹಾಕಿ ಸರಿಹೋಯಿತೆಂದರು. ಇನ್ನೊಬ್ಬರು ಗೇರ್‌ಬಾಕ್ಸ್ ಇಳಿಸಬೇಕು, ಖರ್ಚು ಲಕ್ಷ ದಾಟಬಹುದು ಎನ್ನುತ್ತಿದ್ದಾರೆ. ಏನು ಮಾಡುವುದು?
— ಓದುಗರೊಬ್ಬರು, ಪುತ್ತೂರು

ಉತ್ತರ: ಈಗಲೇ ಗೇರ್‌ಬಾಕ್ಸ್ ಇಳಿಸಲು ಒಪ್ಪಬೇಡಿ. ನಿಮ್ಮ ಪತ್ರದಲ್ಲಿ ಅತ್ಯಂತ ಮುಖ್ಯವಾದ ಸಂಗತಿಯೆಂದರೆ ಎಂಜಿನ್ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದಾಗ ತೊಂದರೆ ಪೂರ್ತಿಯಾಗಿ ಮಾಯವಾಗುತ್ತದೆ ಎಂಬುದು. ಸವೆದ ಕ್ಲಚ್ ಪ್ಲೇಟುಗಳು ಹೀಗೆ ವಾರಗಟ್ಟಲೆ ವಾಸಿಯಾಗಿ ಕೂರುವುದಿಲ್ಲ. ಅವು ತಿಂಗಳಿಂದ ತಿಂಗಳಿಗೆ ಹದಗೆಡುತ್ತಲೇ ಹೋಗುತ್ತವೆ. ನಿಮ್ಮ ವಿವರಣೆ ಹೆಚ್ಚಾಗಿ ಹೊಂದುವುದು ಮೆಕ್ಯಾನಿಕ್‌ಗಳು ಲಿಂಪ್ ಮೋಡ್ ಎಂದು ಕರೆಯುವ ಸ್ಥಿತಿಗೆ. ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಯಾವುದಾದರೂ ಸೆನ್ಸರ್ ಅಥವಾ ಆಯಿಲಿನ ದಾರಿಯನ್ನು ತೆರೆದು ಮುಚ್ಚುವ ವಿದ್ಯುತ್ ಕವಾಟವಾದ ಸೊಲೆನಾಯ್ಡ್‌ನಿಂದ ನಂಬಲಾಗದ ಸಂಕೇತ ಬಂದರೆ, ಅದು ಸೊಲೆನಾಯ್ಡ್‌ಗಳಿಗೆ ಕೊಡುವ ವಿದ್ಯುತ್ತನ್ನು ಕಡಿದು, ಕಾರನ್ನು ಒಂದೇ ಗೇರಿನಲ್ಲಿ ಉಳಿಸುತ್ತದೆ. ನಾಲ್ಕು ಗೇರಿನ ಹಲವು ಪೆಟ್ಟಿಗೆಗಳಲ್ಲಿ ಅದು ಮೂರನೆಯ ಗೇರ್. ಮೂರನೆಯದರಲ್ಲಿ ಏರು ಹತ್ತಲು ಹೊರಟರೆ ತಿಣುಕದೆ ಇನ್ನೇನಾದೀತು? ಇಗ್ನಿಷನ್ ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಕಂಪ್ಯೂಟರ್ ಹೊಸದಾಗಿ ಪರೀಕ್ಷಿಸಿ, ಆ ಕ್ಷಣದಲ್ಲಿ ದೋಷ ಕಾಣದಿದ್ದರೆ ಎಲ್ಲ ಗೇರುಗಳನ್ನೂ ಬಿಟ್ಟುಕೊಡುತ್ತದೆ.

ಇದನ್ನು ನೀವೇ ಖಚಿತಪಡಿಸಿಕೊಳ್ಳಬಹುದು. ಮುಂದಿನ ಸಲ ತೊಂದರೆ ಬಂದಾಗ, ಸಮತಟ್ಟಾದ ರಸ್ತೆಯಲ್ಲಿ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ 40 ಕಿ.ಮೀ. ಮತ್ತು 60 ಕಿ.ಮೀ. ವೇಗಗಳಲ್ಲಿ ಎಂಜಿನ್ನಿನ ಆರ್‌ಪಿಎಂ (ಅಂದರೆ ನಿಮಿಷಕ್ಕೆ ತಿರುಗುವ ಸುತ್ತು) ಎಷ್ಟಿದೆಯೆಂದು ಪಕ್ಕದಲ್ಲಿ ಕುಳಿತವರಿಂದ ಬರೆಸಿಕೊಳ್ಳಿ. 40ರಲ್ಲಿ 1,700 ಇದ್ದು 60ರಲ್ಲಿ 2,550ರ ಆಸುಪಾಸಿಗೆ ಬಂದರೆ, ಅಂದರೆ ವೇಗ ಏರಿದ ಪ್ರಮಾಣದಲ್ಲೇ ಆರ್‌ಪಿಎಂ ಕೂಡ ಏರಿದರೆ, ಗೇರ್ ಹಿಡಿದುಕೊಂಡೇ ಇದೆ, ಜಾರುತ್ತಿಲ್ಲ ಎಂದರ್ಥ. ಎಂಜಿನ್ನಿನ ಶಕ್ತಿಯನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನಿಂದಾಗಿ ನೂರಿನ್ನೂರು ವ್ಯತ್ಯಾಸ ಬಂದರೆ ಚಿಂತೆಯಿಲ್ಲ. ಅದರ ಬದಲು, ಕಾರಿನ ವೇಗ ಹೆಚ್ಚದೆ ಆರ್‌ಪಿಎಂ ಮಾತ್ರ ಜಿಗಿದರೆ ಅದು ಜಾರುವಿಕೆ. ಆಗ ಎರಡನೆಯ ಮೆಕ್ಯಾನಿಕ್ಕಿನ ಮಾತಿಗೆ ತೂಕ ಬರುತ್ತದೆ.

ಬ್ಯಾಟರಿ ಬಿಚ್ಚಿದ್ದರ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ರಿಪೇರಿಯಲ್ಲ. ಹಲವು ಕಾರುಗಳಲ್ಲಿ ಹಾಗೆ ಮಾಡಿದರೆ ಕಂಪ್ಯೂಟರ್ ಬರೆದಿಟ್ಟುಕೊಂಡ ದೋಷಸಂಕೇತಗಳು ಅಳಿಸಿಹೋಗುತ್ತವೆ. ಗೇರ್ ನಯವಾಗಿ ಬೀಳಲೆಂದು ಅದು ಕಲಿತುಕೊಂಡಿದ್ದ ಅಳತೆಗಳೂ ಹೋಗಿ, ಕೆಲವು ದಿನ ಜರ್ಕ್ ಹೆಚ್ಚಾಗಬಹುದು. ಇನ್ನು ಮುಂದೆ ತೊಂದರೆ ಕಾಣಿಸಿದ ಮೇಲೆ, ಅದೇ ದಿನ, ಬ್ಯಾಟರಿ ಮುಟ್ಟುವ ಮೊದಲೇ ಸ್ಕ್ಯಾನ್ ಮಾಡಿಸಿ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರುಗಳಲ್ಲಿ ಅನೇಕವು ಎಂಜಿನ್ನಿನ ಸಂಕೇತಗಳನ್ನಷ್ಟೇ ಓದುತ್ತವೆ. ಅದರಲ್ಲಿ ಪಿ0700 ಎಂದು ಮಾತ್ರ ಬಂದರೆ, ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಬೇರೊಂದು ಸಂಕೇತ ಕೂತಿದೆ, ಅಲ್ಲಿಗೆ ಹೋಗಿ ನೋಡಿ ಎಂಬ ಸೂಚನೆ ಅಷ್ಟೇ. ಅದನ್ನು ಓದಬಲ್ಲ ಸ್ಕ್ಯಾನರ್ ಇರುವಲ್ಲಿಗೆ ಹೋಗಬೇಕು. ಪಿ0715 ಬಂದರೆ ಒಳಬರುವ ಶಾಫ್ಟಿನ ವೇಗದ ಸೆನ್ಸರ್, ಪಿ0720 ಬಂದರೆ ಹೊರಹೋಗುವ ಶಾಫ್ಟಿನ ಸೆನ್ಸರ್, ಪಿ0705 ಬಂದರೆ ಗೇರ್ ಲಿವರ್ ಯಾವ ಸ್ಥಾನದಲ್ಲಿದೆ ಎಂದು ತಿಳಿಸುವ ಸ್ವಿಚ್, ಪಿ0750ರ ಆಸುಪಾಸಿನವು ಸೊಲೆನಾಯ್ಡ್‌ಗಳ ಸಾಲನ್ನು ತೋರಿಸುತ್ತವೆ. ಪಿ0731ರಿಂದ ಪಿ0734ರವರೆಗಿನವು ಗೇರಿನ ಅನುಪಾತವೇ ತಪ್ಪಿದೆ ಎನ್ನುವವು. ನಿಜವಾಗಿ ಹೆದರಬೇಕಾದದ್ದು ಇವಕ್ಕೆ, ಆದರೆ ವೇಗದ ಸೆನ್ಸರ್ ಸುಳ್ಳು ಹೇಳಿದಾಗಲೂ ಇವು ಬರಬಹುದು.

ಸಂಕೇತ ಸಿಕ್ಕ ಕೂಡಲೇ ಆ ಬಿಡಿಭಾಗವನ್ನು ಕೊಂಡು ಹಾಕಿಸುವುದು ನಮ್ಮಲ್ಲಿ ರೂಢಿ. ಸಂಕೇತ ತೋರಿಸುವುದು ಒಂದು ಸರ್ಕ್ಯೂಟನ್ನು. ಅದರಲ್ಲಿ ಸೆನ್ಸರ್ ಇರುವಂತೆಯೇ ತಂತಿ, ಕನೆಕ್ಟರ್, ಅರ್ತ್ ಎಲ್ಲವೂ ಇವೆ. ಹದಿನೈದು ಮಳೆಗಾಲ ಕಂಡ ಕರಾವಳಿಯ ಕಾರಿನಲ್ಲಿ ನಾನು ಮೊದಲು ನೋಡುವುದು ಕನೆಕ್ಟರಿನೊಳಗಿನ ಹಸಿರು ಕಿಲುಬನ್ನು, ಆಮೇಲೆ ಇಲಿ ಕಡಿದ ತಂತಿಯನ್ನು. ಎಂಜಿನ್ ಚಾಲೂ ಇಟ್ಟು, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಇನ್ನೊಂದನ್ನು ಗೇರ್‌ಬಾಕ್ಸಿನ ಲೋಹಕ್ಕೂ ತಾಗಿಸಿ, ಹೆಡ್‌ಲೈಟ್ ಮತ್ತು ಎ.ಸಿ. ಹಾಕಿಸಿ ನೋಡಿ, 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಪಟ್ಟಿಯನ್ನು ಉಜ್ಜಿ ಬಿಗಿಯಬೇಕು. ಇದೇ ಸಮಯದಲ್ಲಿ ಬ್ಯಾಟರಿಯ ಎರಡು ತುದಿಗಳ ನಡುವೆ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು.

ಬಿಸಿಯಾದಾಗ ಮಾತ್ರ ಬರುವ ದೋಷವನ್ನು ಬಿಸಿಯಾಗಿರುವಾಗಲೇ ಅಳೆಯಬೇಕು. ಬೆಳಿಗ್ಗೆ ಗ್ಯಾರೇಜಿನಲ್ಲಿ ತಣ್ಣಗಿರುವ ಸೊಲೆನಾಯ್ಡನ್ನು ಅಳೆದು ಸರಿಯಿದೆ ಎಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಸೊಲೆನಾಯ್ಡಿನೊಳಗಿನ ತಾಮ್ರದ ಸುರುಳಿಯ ವಿದ್ಯುತ್ ರೋಧ ಪ್ರತಿ ಡಿಗ್ರಿಗೆ ಸುಮಾರು 0.4 ಶೇಕಡಾ ಏರುವುದರಿಂದ, 30 ಡಿಗ್ರಿಯಿಂದ 90 ಡಿಗ್ರಿಗೆ ಹೋದಾಗ ಅದು ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಬೆಳೆಯುವುದು ಸಹಜ. ಆದರೆ ಏಕಾಏಕಿ ಹತ್ತು ಪಟ್ಟಾದರೆ ಅಥವಾ ಸಂಪರ್ಕವೇ ಕಡಿದರೆ ಸುರುಳಿಯೋ ಅದರ ಬೆಸುಗೆಯೋ ಬಿಟ್ಟಿದೆ. ಘಾಟಿ ಹತ್ತಿ ಬಂದ ಕಾರಿನಲ್ಲಿ ಅಳೆಯುತ್ತಾ ತಂತಿಗಳನ್ನು ಮೆಲ್ಲಗೆ ಅಲುಗಾಡಿಸಿ ನೋಡುವ ತಾಳ್ಮೆಯುಳ್ಳ ಆಟೋ ಎಲೆಕ್ಟ್ರಿಷಿಯನ್ ಸಿಕ್ಕರೆ, ನಿಮ್ಮ ಕೆಲಸ ಬಹುತೇಕ ಮುಗಿದಂತೆ.

ಗೇರ್ ಆಯಿಲಿನ ಮಟ್ಟವನ್ನೂ ನೋಡಿಸಿ. ಮಟ್ಟ ಇಳಿದಿದ್ದರೆ ಏರಿನಲ್ಲಿ ಮತ್ತು ತಿರುವಿನಲ್ಲಿ ಪಂಪ್ ಗಾಳಿ ಎಳೆಯುತ್ತದೆ. ಹೆಚ್ಚಿದ್ದರೆ ಆಯಿಲ್ ನೊರೆಯಾಗುತ್ತದೆ. ಎರಡರಲ್ಲೂ ಒತ್ತಡ ಕುಸಿಯುತ್ತದೆ. ಅಳೆಯುವ ಕ್ರಮ ಮಾತ್ರ ಕಾರಿನಿಂದ ಕಾರಿಗೆ ಬೇರೆ. ಹಲವು ಕಾರುಗಳಲ್ಲಿ ಎಂಜಿನ್ ಓಡುತ್ತಿರುವಾಗ ಅಳೆಯಬೇಕು, ಹೋಂಡಾದ ಹಲವು ಮಾದರಿಗಳಲ್ಲಿ ಬಿಸಿ ಎಂಜಿನ್ ನಿಲ್ಲಿಸಿದ ಸುಮಾರು ಒಂದೂವರೆ ನಿಮಿಷದೊಳಗೆ ಅಳೆಯಬೇಕು. ಆದ್ದರಿಂದ ಕಾರಿನ ಕೈಪಿಡಿ ನೋಡದೆ ಡಿಪ್‌ಸ್ಟಿಕ್ ಎಳೆದವರ ಮಾತನ್ನು ನಂಬಬೇಡಿ.

ಅಲ್ಲಿಯವರೆಗೆ, ಘಾಟಿಯಲ್ಲಿ ಗೇರ್ ಸಿಕ್ಕಿಕೊಂಡರೆ ಹಾಗೆಯೇ ಎಳೆಯಬೇಡಿ, ಟಾರ್ಕ್ ಕನ್ವರ್ಟರ್ ಆಯಿಲನ್ನು ಸುಟ್ಟುಬಿಡುತ್ತದೆ. ಸುರಕ್ಷಿತವಾದ ಜಾಗದಲ್ಲಿ ನಿಲ್ಲಿಸಿ, ಪಾರ್ಕಿಗೆ ಹಾಕಿ, ಇಗ್ನಿಷನ್ ಆಫ್ ಮಾಡಿ, ಸ್ವಲ್ಪ ಆರಲು ಬಿಟ್ಟು ಹೊರಡಿ. ಚಲಿಸುತ್ತಿರುವಾಗ ಎಂದಿಗೂ ಆಫ್ ಮಾಡಬಾರದು. ಪವರ್ ಸ್ಟಿಯರಿಂಗ್ ಮತ್ತು ಬ್ರೇಕಿನ ನೆರವು ತಪ್ಪಿಹೋಗುತ್ತದೆ.

ಪ್ರಶ್ನೆ: 1,10,000 ಕಿ.ಮೀ. ಓಡಿದ ನನ್ನ ಕಾರಿನ ಗೇರ್ ಆಯಿಲ್ ಒಮ್ಮೆಯೂ ಬದಲಾಗಿಲ್ಲ. ಈಗ ಬದಲಿಸಿದರೆ ಗೇರ್‌ಬಾಕ್ಸ್ ಸತ್ತೇ ಹೋಗುತ್ತದೆ ಎಂದು ಹೆದರಿಸುತ್ತಾರೆ. ನಿಜವೇ?
— ಓದುಗರೊಬ್ಬರು, ತುಮಕೂರು

ಉತ್ತರ: ಗೇರುಗಳು ಸರಿಯಾಗಿ ಬೀಳುತ್ತಿದ್ದರೆ ಧೈರ್ಯವಾಗಿ ಬದಲಿಸಿ. ಈಗಾಗಲೇ ಜಾರುತ್ತಿದ್ದು, ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಪ್ಲೇಟುಗಳು ಮೊದಲೇ ಸವೆದಿರುತ್ತವೆ. ಹಾಗಿರುವಾಗ ಆಯಿಲ್ ಬದಲಿಸಿದ ವಾರದಲ್ಲೇ ಗೇರ್‌ಬಾಕ್ಸ್ ನಿಂತುಹೋದದ್ದಕ್ಕೆ ಹೊಸ ಆಯಿಲನ್ನು ದೂರುವುದರಿಂದಲೇ ಈ ಹೆದರಿಕೆ ಹಬ್ಬಿದೆ. ಯಂತ್ರ ಹಚ್ಚಿ ಒತ್ತಡದಿಂದ ತೊಳೆಸುವುದು ಹಳೆಯ ಕಾರಿಗೆ ಬೇಡ. ಡ್ರೈನ್ ಬೋಲ್ಟ್ ಬಿಚ್ಚಿದರೆ ಒಳಗಿರುವುದರಲ್ಲಿ ಅರ್ಧದಷ್ಟು ಮಾತ್ರ ಇಳಿಯುತ್ತದೆ, ಉಳಿದದ್ದು ಬಹುಪಾಲು ಕನ್ವರ್ಟರಿನಲ್ಲಿರುತ್ತದೆ. ಇಳಿದಷ್ಟೇ ಹೊಸದನ್ನು ತುಂಬಿ, ಕೆಲವು ನೂರು ಕಿ.ಮೀ. ಓಡಿಸಿ ಇನ್ನೊಮ್ಮೆ ಅದನ್ನೇ ಮಾಡಿಸಿ. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಿಸಿ. ಇಳಿದ ಆಯಿಲ್ ತಿಳಿಗುಲಾಬಿ ಬಣ್ಣದ ಕಲಕು ದ್ರವದಂತಿದ್ದರೆ ರೇಡಿಯೇಟರಿನ ನೀರು ಸೇರಿದೆ. ಆಗ ಕಾರನ್ನು ಮತ್ತೆ ಓಡಿಸದೆ ಮೊದಲು ಆಯಿಲ್ ಕೂಲರನ್ನು ಪರೀಕ್ಷೆ ಮಾಡಿಸಬೇಕು.

ಪ್ರಶ್ನೆ: ಹೆದ್ದಾರಿಯಲ್ಲಿ 60–70 ಕಿ.ಮೀ. ವೇಗದಲ್ಲಿ ಕೆಲವೊಮ್ಮೆ ಕಾರು ಕೆಲವು ಕ್ಷಣ ನಡುಗುತ್ತದೆ. ಎಂಜಿನ್ ದೋಷವೋ ಗೇರ್ ದೋಷವೋ ಗೊತ್ತಾಗುವುದು ಹೇಗೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಹಿಂದೆ ವಾಹನಗಳಿಲ್ಲದ ರಸ್ತೆಯಲ್ಲಿ, ನಡುಕ ಬಂದ ಕೂಡಲೇ ಆಕ್ಸಿಲರೇಟರನ್ನು ಬದಲಿಸದೆ ಎಡಗಾಲಿನಿಂದ ಬ್ರೇಕ್ ಪೆಡಲನ್ನು ಹಿಂಬದಿಯ ದೀಪ ಹತ್ತುವಷ್ಟು ಮಾತ್ರ ತಾಗಿಸಿ. ಬ್ರೇಕ್ ಸ್ವಿಚ್ಚಿನ ಸಂಕೇತ ಸಿಕ್ಕೊಡನೆ ಎಂಜಿನ್ನನ್ನು ಗೇರ್‌ಬಾಕ್ಸಿಗೆ ನೇರವಾಗಿ ಬೆಸೆಯುವ, ಟಾರ್ಕ್ ಕನ್ವರ್ಟರಿನೊಳಗಿನ ಲಾಕ್-ಅಪ್ ಕ್ಲಚ್ ಬಿಡುತ್ತದೆ. ನಡುಕ ತಟ್ಟನೆ ನಿಂತರೆ ಸಂಶಯ ಆ ಕ್ಲಚ್ಚಿನ ಮೇಲೆ. ಮೊದಲ ಹೆಜ್ಜೆಯಾಗಿ ಗೇರ್ ಆಯಿಲ್ ಬದಲಿಸಿ ನೋಡಿ, ಹಲವರಿಗೆ ಅಷ್ಟರಲ್ಲೇ ಪರಿಹಾರ ಸಿಗುತ್ತದೆ. ಬ್ರೇಕ್ ತಾಗಿಸಿದಾಗಲೂ ನಡುಕ ಮುಂದುವರಿದರೆ ಸ್ಪಾರ್ಕ್ ಪ್ಲಗ್ ಮತ್ತು ಇಗ್ನಿಷನ್ ಕಾಯಿಲ್‌ಗಳನ್ನು ನೋಡಿಸಿ.