ಗಡಿಯಾರ ನೋಡಿದಿರಿ, ನೆಲ ನೋಡಿದಿರಾ?

ಚೆಕ್ ದೇಶದ ಪ್ರಾಗ್ ನಗರದ ಹಳೇ ಪಟ್ಟಣ ಚೌಕಕ್ಕೆ ಹೋಗಿಬಂದ ಓದುಗರೊಬ್ಬರು ಬೇಸರದಿಂದ ಬರೆದಿದ್ದಾರೆ: "ಆ ಖಗೋಳ ಗಡಿಯಾರದ ಮುಂದೆ ಮುಕ್ಕಾಲು ಗಂಟೆ ಕಾದೆ. ಗೊಂಬೆಗಳು ಬಂದು ಹೋದವು, ಒಂದೇ ನಿಮಿಷಕ್ಕೆ ಮುಗೀತು. ಇಷ್ಟಕ್ಕೇನಾ ಇಷ್ಟು ಹೆಸರು? ಅದನ್ನು ಮಾಡಿದವನ ಕಣ್ಣು ಕೀಳಿಸಿದರಂತೆ, ಅದಾದರೂ ನಿಜವಾ?"

ಇಲ್ಲ ಸರ್, ಅದೂ ನಿಜವಲ್ಲ. ಹನುಶ್ ಎಂಬವನು ಇಂಥದ್ದನ್ನೇ ಬೇರೆ ಊರಿಗೆ ಮಾಡಿಕೊಡಬಾರದೆಂದು ಕುರುಡು ಮಾಡಿದರು ಅನ್ನೋದು ಕಟ್ಟುಕಥೆ. ತಾಜ್‌ಮಹಲ್ ಕಟ್ಟಿದವರ ಕೈ ಕತ್ತರಿಸಿದ ಕಥೆ ಇದೆಯಲ್ಲ, ಅದೇ ಜಾತಿಯದು. 1410ರಲ್ಲಿ ಗಡಿಯಾರ ಮಾಡಿದವನು ಕಡಾನ್ ಊರಿನ ಮಿಕುಲಾಶ್.

ಗೊಂಬೆಗಳು ಎಷ್ಟೋ ಕಾಲದ ನಂತರ ಸೇರಿದವು. ಸೊಗಸೆಲ್ಲ ಗಡಿಯಾರದ ಮುಖದಲ್ಲೇ ಇದೆ. ಹೊರಗಿನ ಬಳೆಯಲ್ಲಿ 24 ಅಂಕಿಗಳಿವೆ. ಅದರ ಲೆಕ್ಕದಲ್ಲಿ ದಿನ ಮುಗಿಯುವುದು ಮಧ್ಯರಾತ್ರಿಗಲ್ಲ, ಹೊತ್ತು ಮುಳುಗಿದಾಗ. ಹೊತ್ತು ಮುಳುಗುವ ಸಮಯ ದಿನಾ ಬದಲಾಗುತ್ತದೆ ಅಲ್ವಾ? ಅದಕ್ಕೇ ಆ ಬಳೆಯೂ ವರ್ಷವಿಡೀ ಹಿಂದೆ ಮುಂದೆ ಸರಿಯುತ್ತಿರುತ್ತದೆ.

ಆದರೆ ನನ್ನನ್ನು ಕೇಳಿದರೆ, ಆ ಚೌಕದಲ್ಲಿ ತಲೆ ಎತ್ತುವುದಕ್ಕಿಂತ ತಗ್ಗಿಸುವುದೇ ಜಾಸ್ತಿ ಲಾಭ. ಗಡಿಯಾರದ ಗೋಪುರದ ಪಕ್ಕದಲ್ಲೇ ನೆಲಗಲ್ಲಿನಲ್ಲಿ 27 ಬಿಳಿ ಶಿಲುಬೆಗಳಿವೆ. 1618ರಲ್ಲಿ ಬೊಹೀಮಿಯಾದ (ಪ್ರಾಗ್ ರಾಜಧಾನಿಯಾಗಿದ್ದ ನಾಡು) ಪ್ರಾಟೆಸ್ಟೆಂಟರು ತಮ್ಮನ್ನು ಆಳುತ್ತಿದ್ದ ಕ್ಯಾಥೊಲಿಕ್ ಹ್ಯಾಬ್ಸ್‌ಬರ್ಗ್ ದೊರೆಗಳ ಮೇಲೆ ದಂಗೆ ಎದ್ದರು. 1620ರಲ್ಲಿ ಬಿಳಿಬೆಟ್ಟದ ಕಾಳಗದಲ್ಲಿ ಸೋತರು. 1621ರ ಜೂನ್ 21ರಂದು ಅವರ 27 ಮುಖಂಡರನ್ನು ಈ ಚೌಕದಲ್ಲೇ ಕೊಂದರು. ಅವರಲ್ಲಿ ವಿಶ್ವವಿದ್ಯಾಲಯದ ಮುಖ್ಯಸ್ಥನಾಗಿದ್ದ ವೈದ್ಯ ಯೆಸೆನಿಯಸ್ ಕೂಡ ಒಬ್ಬ. ಹನ್ನೆರಡು ತಲೆಗಳನ್ನು ಚಾರ್ಲ್ಸ್ ಸೇತುವೆಯ ಗೋಪುರಕ್ಕೆ ತೂಗುಹಾಕಿದರು. ಗಡಿಯಾರಕ್ಕೆ ಕಾಯುವವರು ಈ ಶಿಲುಬೆಗಳನ್ನು ತುಳಿದುಕೊಂಡೇ ಓಡಾಡುತ್ತಾರೆ, ಪಾಪ, ಗೊತ್ತಿಲ್ಲದೆ.

ಎದುರಿನ ಟೀನ್ ಚರ್ಚಿನ ಜೋಡಿ ಗೋಪುರಗಳನ್ನು ನೀವು ನೋಡಿರುತ್ತೀರಿ. ಒಳಗೆ ಖಗೋಳಶಾಸ್ತ್ರಜ್ಞ ಟೈಕೋ ಬ್ರಾಹೆಯ ಸಮಾಧಿ ಇದೆ. ಚೌಕದ ನಡುವೆ ನಿಂತಿರುವ, ಧರ್ಮಸುಧಾರಕ ಯಾನ್ ಹುಸ್‌ನ ಸ್ಮಾರಕ 1915ರದ್ದು.

ಅದರ ಹತ್ತಿರವೇ ಮೇರಿ ಮಾತೆಯ ಕಂಬವಿದೆ. 1650ರಲ್ಲಿ ನಿಲ್ಲಿಸಿದ್ದನ್ನು 1918ರಲ್ಲಿ ಜನ ಹ್ಯಾಬ್ಸ್‌ಬರ್ಗರ ಗುರುತು ಎಂದು ಉರುಳಿಸಿದರು. 2020ರಲ್ಲಿ ಅದರ ಪ್ರತಿ ಮತ್ತೆ ಎದ್ದಿತು. ಬೇಕಿತ್ತಾ, ಬೇಡವಾ ಅಂತ ಅಲ್ಲಿ ಜಗಳ ದೊಡ್ಡದಾಗಿಯೇ ನಡೆಯಿತು. ನನಗೆ ಇಷ್ಟವಾಗುವುದು ಕಂಬಕ್ಕಿಂತ ಅದರ ನೆರಳು. ನೆಲದಲ್ಲಿ ಒಂದು ಲೋಹದ ಪಟ್ಟಿ ಕೂರಿಸಿದ್ದಾರೆ. ನೆರಳು ಅದರ ಮೇಲೆ ನೇರ ಬಿದ್ದರೆ ಪ್ರಾಗ್‌ಗೆ ಮಧ್ಯಾಹ್ನ. ಹಿಂದೆ ಊರಿನ ಹೊತ್ತು ನಿಗದಿಯಾಗುತ್ತಿದ್ದದ್ದು ಹೀಗೆ.

ಇನ್ನೊಮ್ಮೆ ಹೋದರೆ ಅಲ್ಲಿ ಕಾಯಿರಿ. ಬೇಸಿಗೆಯಾದರೆ ಹನ್ನೆರಡಕ್ಕಲ್ಲ, ಒಂದು ಗಂಟೆಗೆ. ಆಗ ಅಲ್ಲಿ ಗಡಿಯಾರಗಳನ್ನು ಒಂದು ತಾಸು ಮುಂದಿಟ್ಟಿರುತ್ತಾರೆ. ನೆರಳು ಮಾತ್ರ ತನ್ನ ಹಳೇ ಹೊತ್ತಿಗೇ ಬರುತ್ತದೆ.

– ಸಂ.