ಬಳ್ಳಾರಿಯಿಂದ ಉತ್ತರ: ರೆಡ್ಡಿ, ಗಣಿ, ನಮ್ಮ ಗಡಿ

"ಆ ಜನಾರ್ದನ ರೆಡ್ಡಿ ಅಂಥವರನ್ನ ಬಳ್ಳಾರಿಯವರು ಹೇಗೆ ಗೆಲ್ಲಿಸ್ತೀರಿ ಮಾರಾಯ? ಅಲ್ಲದೆ ನೀವೆಲ್ಲ ಅರ್ಧ ಆಂಧ್ರದವರೇ ಅಲ್ವಾ?" ಅಂತ ನೀನು ಕೇಳಿದೆ. ಎರಡೂ ಪ್ರಶ್ನೆ ಒಂದೇ ಉಸಿರಲ್ಲಿ. ಬೇಸರ ಆಯಿತು. ಆದರೂ ಬರೆಯುತ್ತೇನೆ, ಯಾಕಂದ್ರೆ ಈ ಎರಡಕ್ಕೂ ಸಂಬಂಧ ಇದೆ. ನೀನು ಅಂದುಕೊಂಡಿರುವ ಸಂಬಂಧ ಮಾತ್ರ ಅಲ್ಲ.

ಮೊದಲು ಎರಡನೆಯದು. ನಮ್ಮಜ್ಜಿ ಅಡುಗೆಮನೆಯಲ್ಲಿ ತೆಲುಗು, ಕಟ್ಟೆಯ ಮೇಲೆ ಕನ್ನಡ ಮಾತಾಡುತ್ತಿದ್ದರು. ಅತ್ತೆಯನ್ನು ರಾಯದುರ್ಗಕ್ಕೆ ಕೊಟ್ಟಿದ್ದೇವೆ, ಅಲ್ಲಿಂದ ಸೊಸೆಯನ್ನೂ ತಂದಿದ್ದೇವೆ. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ರಾಯದುರ್ಗ, ಆದೋನಿ, ಆಲೂರು ಎಲ್ಲ ಬಳ್ಳಾರಿ ಜಿಲ್ಲೆಯವೇ. 1953ರಲ್ಲಿ ಆ ಮೂರೂ ಆಂಧ್ರಕ್ಕೆ ಹೋದವು, ನಾವು ಮೈಸೂರು ರಾಜ್ಯಕ್ಕೆ ಬಂದೆವು. ಆ ಸೇರ್ಪಡೆ ಸಮಾರಂಭದ ಚಪ್ಪರ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬರ ಮೇಲೆ ಆಸಿಡ್ ಬಲ್ಬ್ ಎಸೆದು ಕೊಂದರು. ಕನ್ನಡ ನಾಡಿಗೆ ಸೇರುವುದಕ್ಕೆ ನಮ್ಮೂರು ಜೀವ ಕೊಟ್ಟಿದೆ. ಬಾಕಿ ಕರ್ನಾಟಕ ಒಂದಾಗುವ ಮೂರು ವರ್ಷ ಮೊದಲೇ ನಾವು ಬಂದಿದ್ದೇವೆ. ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳಲು ಹೋದರೆ "ಆಂಧ್ರಾನಾ?" ಅಂತ ಕೇಳುತ್ತಾರಲ್ಲ, ಆಗ ಹೊಟ್ಟೆ ಉರಿಯುವುದು ಇದಕ್ಕೇ.

ಈಗ ಜನಾರ್ದನ ರೆಡ್ಡಿ ವಿಷಯ. ಕಾನ್‌ಸ್ಟೇಬಲ್ ಮಗ. ಮೊದಲು ಹಣಕಾಸು ಕಂಪನಿ ನಡೆಸಿದರು, ಆಮೇಲೆ ಕಬ್ಬಿಣದ ಅದಿರಿನ ಗಣಿಗೆ ಇಳಿದರು. 1999ರಲ್ಲಿ ಸೋನಿಯಾ ಗಾಂಧಿ ವಿರುದ್ಧ ಸುಷ್ಮಾ ಸ್ವರಾಜ್ ಇಲ್ಲಿ ನಿಂತರಲ್ಲ, ರೆಡ್ಡಿ ಸಹೋದರರ ಹೆಸರು ರಾಜಕೀಯದಲ್ಲಿ ಮೇಲೆ ಬಂದದ್ದು ಆ ಚುನಾವಣೆಯಿಂದ. ಸುಷ್ಮಾ ಸೋತರು, ಇವರು ಬೆಳೆದರು. 2008ರಲ್ಲಿ ಯಡಿಯೂರಪ್ಪ ಸರ್ಕಾರ ಬಂದಾಗ ಜನಾರ್ದನ ರೆಡ್ಡಿಗೆ ಪ್ರವಾಸೋದ್ಯಮ, ಅಣ್ಣ ಕರುಣಾಕರ ರೆಡ್ಡಿಗೆ ಕಂದಾಯ, ಆಪ್ತ ಶ್ರೀರಾಮುಲುಗೆ ಆರೋಗ್ಯ. ಮರುವರ್ಷವೇ ಮುಖ್ಯಮಂತ್ರಿಯ ವಿರುದ್ಧ ಬಂಡಾಯ. ಹೆಲಿಕಾಪ್ಟರ್, ಮದುವೆ, ಬಂಗಲೆ ಎಲ್ಲ ನೀನೂ ಟಿವಿಯಲ್ಲಿ ನೋಡಿದ್ದೀಯ, ಅದನ್ನು ಬಿಡೋಣ.

ನಮ್ಮನ್ನು ಸುಟ್ಟಿದ್ದು ಬೇರೆ. ಅವರ ಓಬಳಾಪುರಂ ಗಣಿ ಇದ್ದದ್ದು ಆಂಧ್ರದ ಅನಂತಪುರ ಜಿಲ್ಲೆಯಲ್ಲಿ, ನಮ್ಮ ಗಡಿಗೆ ಅಂಟಿಕೊಂಡು. ಆ ಗುಡ್ಡ ಒಂದೇ. ಮಧ್ಯದಲ್ಲಿ ಗೆರೆ ಇರುವುದು ನಕ್ಷೆಯಲ್ಲಿ, ಗಡಿಕಲ್ಲಿನಲ್ಲಿ ಮಾತ್ರ. ಪರವಾನಗಿ ಆ ಕಡೆಯದು, ಅಗೆದದ್ದು ಈ ಕಡೆಯೂ. ಗಡಿಕಲ್ಲುಗಳನ್ನೇ ಕಿತ್ತು ಹಾಕಿದರು ಅಂತ ಆರೋಪ ಬಂತು. ಗಡಿಯ ಗುರುತಾಗಿ ನಿಂತಿದ್ದ ಹಳೇ ಸುಗ್ಗಲಮ್ಮನ ಗುಡಿಯನ್ನು 2006ರಲ್ಲಿ ಸ್ಫೋಟಿಸಿ ಕೆಡವಲಾಯಿತು. ಗುಡಿ ಹೋದರೆ ಭಕ್ತರಿಗೆ ನೋವು, ಸರಿ. ಆದರೆ ಇಲ್ಲಿ ಎಲ್ಲಿಂದ ಎಲ್ಲಿಗೆ ಕರ್ನಾಟಕ ಅಂತ ಬೆರಳು ಮಾಡಿ ತೋರಿಸುವ ಜಾಗವೇ ಹೋಯಿತು. ಎರಡು ರಾಜ್ಯ ಜಗಳ ಆಡಿ ಬಗೆಹರಿಯದೆ, ಕೊನೆಗೆ ಸರ್ವೆ ಆಫ್ ಇಂಡಿಯಾ ಬಂದು ಹಳೇ ನಕ್ಷೆ ಹಿಡಿದು ಮತ್ತೆ ಅಳೆಯಬೇಕಾಯಿತು.

ಗಡಿ ಗೊಂದಲ ಅಂದ್ರೆ ನಿನಗೆ ಸುದ್ದಿ, ನಮಗೆ ದಿನದ ಬದುಕು. ನಮ್ಮ ನೆಂಟರ ಹೊಲ ಗೆರೆಯ ಪಕ್ಕದಲ್ಲೇ ಇದೆ. ಪಹಣಿ ತಿದ್ದಿಸಲು ಹೋದರೆ ಒಂದು ಕಚೇರಿಯವರು "ಇದು ಆ ಕಡೆ ಬರುತ್ತೆ, ಅಲ್ಲಿ ಕೇಳಿ" ಅನ್ನುತ್ತಾರೆ. ಅಲ್ಲಿಗೆ ಹೋದರೆ ಕಾಗದ ಕನ್ನಡದಲ್ಲಿದೆ ಅಂತ ವಾಪಸ್ ಕಳಿಸುತ್ತಾರೆ. ಇತ್ತ ಗಣಿ ಜೋರಾಗಿದ್ದಾಗ ಹತ್ತಿ ಬಿಡಿಸಿದರೆ ಗಣಿ ಧೂಳಿಗೆ ಅರಳೆ ಕೆಂಪಗೆ ಬರುತ್ತಿತ್ತು. ಆ ಹತ್ತಿಗೆ ರೇಟು ಯಾರು ಕೊಡುತ್ತಾರೆ ಹೇಳು? ಅದಿರು ಮಾತ್ರ ಚೀನಾಕ್ಕೆ ಹಡಗು ಹತ್ತುತ್ತಿತ್ತು.

2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಬಂತು, ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಸೆಪ್ಟೆಂಬರ್ 5ಕ್ಕೆ ಸಿಬಿಐ ರೆಡ್ಡಿಯನ್ನು ಬಂಧಿಸಿತು. 2015ರಲ್ಲಿ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಾಗ ಬಳ್ಳಾರಿ, ಅನಂತಪುರ, ಕಡಪಕ್ಕೆ ಕಾಲಿಡಬಾರದು ಅಂತ ಷರತ್ತು ಹಾಕಿತು. 2018ರ ಚುನಾವಣೆಯಲ್ಲಿ ಅವರು ಜಿಲ್ಲೆಯ ಗೆರೆ ದಾಟದೆ ಪಕ್ಕದ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ಸೀಮೆಯಲ್ಲಿ ಕೂತು ರಾಜಕೀಯ ಮಾಡಿದರು. ಆ ಷರತ್ತು ಪೂರ್ತಿ ಸಡಿಲವಾದದ್ದು 2024ರಲ್ಲಿ.

ಇನ್ನು ನಿನ್ನ ಮೊದಲ ಪ್ರಶ್ನೆ. ಅವರು ಮಂತ್ರಿಯಾದಾಗ ವಿಧಾನ ಪರಿಷತ್ ಸದಸ್ಯ. ವಿಧಾನಸಭೆಗೆ ಗೆದ್ದದ್ದು 2023ರಲ್ಲಿ, ಸ್ವಂತ ಪಕ್ಷ ಕಟ್ಟಿ, ಕೊಪ್ಪಳ ಜಿಲ್ಲೆಯ ಗಂಗಾವತಿಯಿಂದ. ಅದೇ ಚುನಾವಣೆಯಲ್ಲಿ ಬಳ್ಳಾರಿ ನಗರದಲ್ಲಿ ಅವರ ಹೆಂಡತಿಯೂ ನಿಂತಿದ್ದರು, ಇನ್ನೊಬ್ಬ ಅಣ್ಣ ಸೋಮಶೇಖರ ರೆಡ್ಡಿಯೂ ಬಿಜೆಪಿಯಿಂದ ನಿಂತಿದ್ದರು. ಇಬ್ಬರನ್ನೂ ನಮ್ಮ ಜನ ಸೋಲಿಸಿದರು. ಮೊದಲು ಅದೇ ಸೋಮಶೇಖರ ರೆಡ್ಡಿಯನ್ನು, ಶ್ರೀರಾಮುಲುವನ್ನು ಗೆಲ್ಲಿಸಿದ್ದೂ ನಾವೇ, ಅದನ್ನು ಮುಚ್ಚಿಡುವುದಿಲ್ಲ. ಸಾಮೂಹಿಕ ಮದುವೆ ಮಾಡಿಸಿದರು, ಕಷ್ಟ ಅಂತ ಬಾಗಿಲಿಗೆ ಹೋದವರಿಗೆ ಕೈ ಎತ್ತಿ ಕೊಟ್ಟರು. ಸರ್ಕಾರಿ ಆಸ್ಪತ್ರೆಗೆ ಅಲೆದು ಸುಸ್ತಾದವನು ಆ ದುಡ್ಡು ಎಲ್ಲಿಂದ ಬಂತು ಅಂತ ಕೇಳಲಿಲ್ಲ. ಅವನನ್ನು ಬೈಯಲು ನನಗೆ ಮನಸ್ಸಿಲ್ಲ.

2025ರ ಮೇನಲ್ಲಿ ಹೈದರಾಬಾದಿನ ಸಿಬಿಐ ಕೋರ್ಟ್ ಓಬಳಾಪುರಂ ಕೇಸಿನಲ್ಲಿ ಏಳು ವರ್ಷ ಶಿಕ್ಷೆ ಕೊಟ್ಟಿತು, ಶಾಸಕ ಸ್ಥಾನ ಹೋಯಿತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನು ತಡೆಹಿಡಿಯಿತು, ಸ್ಥಾನ ವಾಪಸ್ ಬಂತು. ಕೇಸು ಕೋರ್ಟಿನದು, ಅದನ್ನು ಕೋರ್ಟೇ ತೀರ್ಮಾನಿಸಲಿ. ನಮ್ಮದು ಬೇರೆ ಲೆಕ್ಕ. ಗಣಿಯಿಂದ ಹಾಳಾದ ಊರುಗಳಿಗೆ ಅಂತ ತೆಗೆದಿಟ್ಟ ದುಡ್ಡು ಇದೆ. ಅದು ಗಡಿಯಂಚಿನ ಹಳ್ಳಿಯ ಕುಡಿಯುವ ನೀರಿಗೆ, ರಸ್ತೆಗೆ, ಧೂಳು ತಿಂದ ಎದೆಗಳ ಚಿಕಿತ್ಸೆಗೆ ಮೊದಲು ಬರಬೇಕು. ನೀನು ಪೇಪರಲ್ಲಿ ಬರೆಯುವವನು ಅಲ್ವಾ, ರೆಡ್ಡಿ ಮನೆ ಮುಂದೆ ಕ್ಯಾಮೆರಾ ಇಡುವ ಮೊದಲು ಆ ಹಳ್ಳಿಗಳಿಗೆ ಬಾ. ನಾನೇ ಕರೆದುಕೊಂಡು ಹೋಗುತ್ತೇನೆ.